ಮನೆಬಳಕೆಯ ನಿಸ್ತಂತು ರೂಟರ್: ಅಳವಡಿಕೆ, ಬಳಕೆ ಮತ್ತು ಸುರಕ್ಷತೆ

ಪೀಠಿಕೆ

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಸ್ತಿ ತೆರಿಗೆ ಪಾವತಿ, ವಿದ್ಯಾರ್ಥಿವೇತನ ಮುಂತಾದ ಅನೇಕ ಸೇವೆಗಳಿಗೆ ನಾಗರಿಕರು ತಮ್ಮ ಮನೆಯಿಂದಲೇ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ. ಅರ್ಜಿದಾರರ ಗುರುತಿನ ವಿವರ, ಬ್ಯಾಂಕ್ ಖಾತೆಯ ವಿವರ ಹಾಗೂ ಶುಲ್ಕ ಪಾವತಿಯ ಮಾಹಿತಿಯು ಮನೆಯಲ್ಲಿ ಅಳವಡಿಸಿರುವ ನಿಸ್ತಂತು ರೂಟರ್ ಮೂಲಕ ಹಾದುಹೋಗುತ್ತದೆ. ಸಾಮಾನ್ಯವಾಗಿ ತಂತ್ರಜ್ಞರು ಬಂದು ಉಪಕರಣವನ್ನು ಜೋಡಿಸಿ, ಮೊಬೈಲಿನಲ್ಲಿ ಸಂಪರ್ಕ ದೊರೆತದ್ದನ್ನು ತೋರಿಸಿ ತೆರಳುತ್ತಾರೆ. ಆದರೆ ಸಂಪರ್ಕ ದೊರೆತ ಮಾತ್ರಕ್ಕೆ ಅಳವಡಿಕೆ ಪೂರ್ಣಗೊಂಡಂತಾಗುವುದಿಲ್ಲ. ಗುಪ್ತಪದಗಳನ್ನು ಬದಲಾಯಿಸುವ ಕಾರ್ಯವು ಬಳಕೆದಾರರದ್ದೇ ಆಗಿದ್ದು, ಅದನ್ನು ಕೈಬಿಟ್ಟಲ್ಲಿ ಉಂಟಾಗುವ ತೊಂದರೆಯೂ ಅವರಿಗೇ ತಟ್ಟುತ್ತದೆ. ಈ ಕುರಿತು ಸಾರ್ವಜನಿಕರಿಗೆ ಅಗತ್ಯವಾದ ಮಾಹಿತಿಯನ್ನು ಈ ಪುಟದಲ್ಲಿ ನೀಡಲಾಗಿದೆ.

1. ನಿಸ್ತಂತು ರೂಟರ್ ಎಂದರೇನು?

ಸೇವಾದಾರರಿಂದ ಮನೆಗೆ ಬರುವ ಒಂದೇ ಅಂತರ್ಜಾಲ ಸಂಪರ್ಕವನ್ನು ಹಲವು ಮೊಬೈಲ್, ಗಣಕಯಂತ್ರ, ದೂರದರ್ಶನ ಮುಂತಾದ ಉಪಕರಣಗಳಿಗೆ ರೇಡಿಯೋ ತರಂಗಗಳ ಮೂಲಕ ಹಂಚುವ ಸಾಧನವೇ ನಿಸ್ತಂತು ರೂಟರ್. ಇದು ಜನಬಳಕೆಯಲ್ಲಿ ವೈ-ಫೈ ರೂಟರ್ ಎಂದೇ ಪರಿಚಿತವಾಗಿದೆ. ಆಪ್ಟಿಕಲ್ ಫೈಬರ್ ಸಂಪರ್ಕವಿರುವ ಅನೇಕ ಮನೆಗಳಲ್ಲಿ ಫೈಬರ್ ಎಳೆಯ ಸಂಕೇತವನ್ನು ಸ್ವೀಕರಿಸುವ ಮೋಡೆಮ್ ಹಾಗೂ ರೂಟರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ.

ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಕಡಿಮೆ ಶಕ್ತಿಯ ಇಂತಹ ಉಪಕರಣಗಳ ಬಳಕೆಗೆ 2005ರ ಜನವರಿಯಲ್ಲಿ ಪರವಾನಗಿಯಿಂದ ವಿನಾಯಿತಿ ನೀಡಲಾಯಿತು. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಈ ವಿನಾಯಿತಿಯನ್ನು 2018ರ ಅಕ್ಟೋಬರಿನಲ್ಲಿ ವಿಸ್ತರಿಸಲಾಯಿತು. ಆದುದರಿಂದ ಮನೆಯಲ್ಲಿ ರೂಟರ್ ಅಳವಡಿಸಿಕೊಳ್ಳಲು ಪ್ರತ್ಯೇಕ ಅನುಮತಿಯ ಅಗತ್ಯವಿರುವುದಿಲ್ಲ.

2.4 ಗಿಗಾಹರ್ಟ್ಸ್ ಸಂಕೇತವು ಹೆಚ್ಚು ದೂರ ತಲುಪುತ್ತದೆ ಹಾಗೂ ಗೋಡೆಗಳನ್ನು ಉತ್ತಮವಾಗಿ ದಾಟುತ್ತದೆ. ಆದರೆ ಅದರ ವೇಗ ಕಡಿಮೆ. 5 ಗಿಗಾಹರ್ಟ್ಸ್ ಸಂಕೇತವು ವೇಗವುಳ್ಳದ್ದಾಗಿದ್ದರೂ ಒಂದೆರಡು ಗೋಡೆಗಳನ್ನು ದಾಟುವಷ್ಟರಲ್ಲಿ ಕ್ಷೀಣಿಸುತ್ತದೆ. ಹಳೆಯ ಮುದ್ರಣಯಂತ್ರ ಹಾಗೂ ಅಗ್ಗದ ಕ್ಯಾಮೆರಾಗಳಲ್ಲಿ ಹಲವು 2.4 ಗಿಗಾಹರ್ಟ್ಸ್ ಸಂಕೇತವನ್ನು ಮಾತ್ರ ಗುರುತಿಸುತ್ತವೆ.

2. ಸ್ಥಳದ ಆಯ್ಕೆ

ಸಂಪರ್ಕದ ತಂತಿಯು ಮನೆಯನ್ನು ಪ್ರವೇಶಿಸುವ ಮೂಲೆಯಲ್ಲಿಯೇ ರೂಟರನ್ನು ಇರಿಸುವುದು ರೂಢಿಯಾಗಿದೆ. ಒಳಕೋಣೆಗಳಲ್ಲಿ ಸಂಕೇತ ದೊರೆಯದಿರಲು ಇದೇ ಮುಖ್ಯ ಕಾರಣ. ಸ್ಥಳದ ಆಯ್ಕೆಯಲ್ಲಿ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು:

ಅ) ರೂಟರನ್ನು ಮನೆಯ ಮಧ್ಯಭಾಗದಲ್ಲಿ, ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ, ತೆರೆದ ಜಾಗದಲ್ಲಿ ಇರಿಸುವುದು.
ಆ) ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ತೊಟ್ಟಿ ಮತ್ತು ಮೈಕ್ರೋವೇವ್ ಒಲೆಗಳ ಸಮೀಪದಲ್ಲಿ ಇರಿಸದಿರುವುದು. ಲೋಹವು ಸಂಕೇತವನ್ನು ತಡೆಯುತ್ತದೆ, ನೀರು ಹೀರಿಕೊಳ್ಳುತ್ತದೆ. ಮೈಕ್ರೋವೇವ್ ಒಲೆಯು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿಯೇ ಕಾರ್ಯನಿರ್ವಹಿಸುತ್ತದೆ.
ಇ) ಕಲ್ಲಿನ ಅಥವಾ ಮಣ್ಣಿನ ದಪ್ಪ ಗೋಡೆಗಳುಳ್ಳ ಹಳೆಯ ಮನೆಗಳಲ್ಲಿ ಹಾಗೂ ಮಹಡಿ ಮನೆಗಳಲ್ಲಿ ಒಂದೇ ರೂಟರ್ ಸಾಲದಿರಬಹುದು. ಅಂತಹ ಸಂದರ್ಭದಲ್ಲಿ ತಂತಿಯ ಮೂಲಕ ಜೋಡಿಸಿದ ಎರಡನೆಯ ರೂಟರ್ ಉತ್ತಮ ಪರಿಹಾರವಾಗಿರುತ್ತದೆ.
ಈ) ಫೈಬರ್ ಎಳೆಯನ್ನು ಬಲವಾಗಿ ಮಡಚದಿರುವುದು ಮತ್ತು ಬಾಗಿಲ ಸಂದಿಯಲ್ಲಿ ಹಾಯಿಸದಿರುವುದು.
ಉ) ಗುಡುಗು ಸಿಡಿಲಿನ ಸಮಯದಲ್ಲಿ ವಿದ್ಯುತ್ ಅಡಾಪ್ಟರನ್ನು ಹಾಗೂ ತಾಮ್ರದ ದೂರವಾಣಿ ತಂತಿ ಇದ್ದಲ್ಲಿ ಅದನ್ನೂ ಬೇರ್ಪಡಿಸುವುದು.

ವಿದ್ಯುತ್ ಕಡಿತದ ಸಮಯದಲ್ಲಿಯೂ ಸಂಪರ್ಕ ಬೇಕೆನ್ನುವವರು ರೂಟರಿಗೆಂದೇ ದೊರೆಯುವ ಚಿಕ್ಕ ಯುಪಿಎಸ್ ಬಳಸಬಹುದಾಗಿದೆ. ಅಡಾಪ್ಟರಿನ ಮೇಲೆ ಮುದ್ರಿತವಾಗಿರುವ ವೋಲ್ಟ್ ಪ್ರಮಾಣಕ್ಕೆ ಅದು ಹೊಂದಿಕೆಯಾಗತಕ್ಕದ್ದು.

3. ಮೊದಲ ಅಳವಡಿಕೆಯ ಕ್ರಮ

ಅ) ರೂಟರಿನ ತಳಭಾಗದ ಚೀಟಿಯಲ್ಲಿ ಜಾಲದ ಹೆಸರು, ಆರಂಭಿಕ ಗುಪ್ತಪದ ಹಾಗೂ ನಿಯಂತ್ರಣ ಪುಟದ ವಿಳಾಸ ಮುದ್ರಿತವಾಗಿರುತ್ತದೆ. ಈ ವಿಳಾಸವು ಬಹುಮಟ್ಟಿಗೆ 192.168.1.1 ಅಥವಾ 192.168.0.1 ಆಗಿರುತ್ತದೆ.
ಆ) ಗಣಕಯಂತ್ರವನ್ನು ರೂಟರಿನೊಂದಿಗೆ ತಂತಿಯ ಮೂಲಕ ಜೋಡಿಸಿ, ಬ್ರೌಸರಿನ ವಿಳಾಸಪಟ್ಟಿಯಲ್ಲಿ ಸದರಿ ಸಂಖ್ಯೆಯನ್ನು ನಮೂದಿಸಿದಲ್ಲಿ ನಿಯಂತ್ರಣ ಪುಟ ತೆರೆಯುತ್ತದೆ.
ಇ) ಸೇವಾದಾರರು ಸಂಪರ್ಕಕ್ಕಾಗಿ ಬಳಕೆದಾರರ ಹೆಸರು ಮತ್ತು ಗುಪ್ತಪದ ನೀಡಿದ್ದಲ್ಲಿ, ಅವನ್ನು ಬರೆದಿಟ್ಟುಕೊಳ್ಳತಕ್ಕದ್ದು. ತಂತ್ರಜ್ಞರು ತೆರಳುವ ಮುನ್ನವೇ ಇದನ್ನು ಕೇಳಿ ಪಡೆಯುವುದು ಸೂಕ್ತ.
ಈ) ನಂತರ ಮುಂದಿನ ಪರಿಚ್ಛೇದದಲ್ಲಿ ತಿಳಿಸಿರುವಂತೆ ಎರಡೂ ಗುಪ್ತಪದಗಳನ್ನು ಬದಲಾಯಿಸಿ, ಬದಲಾವಣೆಯನ್ನು ಉಳಿಸಿ, ರೂಟರನ್ನು ಪುನಃ ಚಾಲನೆಗೊಳಿಸತಕ್ಕದ್ದು.

4. ಎರಡು ಗುಪ್ತಪದಗಳು

ರೂಟರಿಗೆ ಎರಡು ಪ್ರತ್ಯೇಕ ಗುಪ್ತಪದಗಳಿರುತ್ತವೆ ಎಂಬುದು ಅನೇಕ ಬಳಕೆದಾರರ ಗಮನಕ್ಕೆ ಬಂದಿರುವುದಿಲ್ಲ. ಮೊದಲನೆಯದು ಜಾಲಕ್ಕೆ ಸೇರಲು ಬೇಕಾದ ವೈ-ಫೈ ಗುಪ್ತಪದ. ಇದು ಮನೆಯ ಬಾಗಿಲಿನ ಕೀಲಿ ಇದ್ದಂತೆ. ಎರಡನೆಯದು ನಿಯಂತ್ರಣ ಪುಟವನ್ನು ತೆರೆಯುವ ಗುಪ್ತಪದ. ಇದು ಬೀಗವನ್ನೇ ಬದಲಾಯಿಸುವ ಅಧಿಕಾರವಿದ್ದಂತೆ. ಮೊದಲನೆಯದನ್ನು ಬದಲಾಯಿಸಿದವರೂ ಎರಡನೆಯದನ್ನು ತಯಾರಕರು ನೀಡಿದಂತೆಯೇ ಬಿಡುವುದುಂಟು. ಹಲವು ಮಾದರಿಗಳಲ್ಲಿ ಅದು 'ಅಡ್ಮಿನ್' ಎಂಬ ಒಂದೇ ಪದವಾಗಿದ್ದು, ಯಾರಿಗೂ ಗುಟ್ಟಾಗಿರುವುದಿಲ್ಲ.

ನಿಯಂತ್ರಣ ಪುಟವು ಅನ್ಯರ ವಶವಾದಲ್ಲಿ, ಅಂತರ್ಜಾಲ ತಾಣಗಳ ಹೆಸರುಗಳನ್ನು ಅವುಗಳ ಸಂಖ್ಯಾ ವಿಳಾಸಗಳಿಗೆ ಜೋಡಿಸುವ ವ್ಯವಸ್ಥೆಯನ್ನು ಅವರು ಬದಲಾಯಿಸಬಹುದು. ಆಗ ಬಳಕೆದಾರರು ಸರಿಯಾದ ವಿಳಾಸವನ್ನೇ ನಮೂದಿಸಿದರೂ ನಕಲಿ ಪುಟ ತೆರೆದುಕೊಳ್ಳುವ ಸಂಭವವಿರುತ್ತದೆ. 2011ರ ನವೆಂಬರಿನಲ್ಲಿ ಅಮೆರಿಕದ ತನಿಖಾ ಸಂಸ್ಥೆಯು ಬಯಲಿಗೆಳೆದ 'ಡಿಎನ್ಎಸ್ ಚೇಂಜರ್' ಪ್ರಕರಣದಲ್ಲಿ ಕುತಂತ್ರಾಂಶವು ಗಣಕಯಂತ್ರಗಳಲ್ಲಿ ಈ ಬದಲಾವಣೆ ಮಾಡುತ್ತಿದ್ದುದಲ್ಲದೆ, ಆರಂಭಿಕ ಗುಪ್ತಪದವನ್ನು ಉಳಿಸಿಕೊಂಡಿದ್ದ ರೂಟರುಗಳಲ್ಲಿಯೂ ಅದಕ್ಕೆ ಪ್ರಯತ್ನಿಸುತ್ತಿತ್ತು. 2016ರಲ್ಲಿ ಹರಡಿದ 'ಮಿರಾಯ್' ಕುತಂತ್ರಾಂಶವು ಬದಲಾಯಿಸದೆ ಬಿಟ್ಟ ಗುಪ್ತಪದಗಳ ಮೂಲಕವೇ ಮನೆಗಳ ರೂಟರ್ ಹಾಗೂ ಕ್ಯಾಮೆರಾಗಳನ್ನು ವಶಪಡಿಸಿಕೊಂಡಿತ್ತು.

ಗುಪ್ತಪದದ ಬಗ್ಗೆ ಸೂಚನೆಗಳು:

ಅ) ವೈ-ಫೈ ಗುಪ್ತಪದವು 8ರಿಂದ 63 ಅಕ್ಷರಗಳವರೆಗೆ ಇರಬಹುದು. ಪರಸ್ಪರ ಸಂಬಂಧವಿಲ್ಲದ ನಾಲ್ಕು ಪದಗಳನ್ನು ಜೋಡಿಸಿದಲ್ಲಿ ಅದು ನೆನಪಿನಲ್ಲಿಯೂ ಉಳಿಯುತ್ತದೆ, ಊಹಿಸಲೂ ಕಷ್ಟವಾಗುತ್ತದೆ.
ಆ) ಮನೆಯ ಹೆಸರು, ಮೊಬೈಲ್ ಸಂಖ್ಯೆ, ವಾಹನದ ನೋಂದಣಿ ಸಂಖ್ಯೆ ಹಾಗೂ ಜನ್ಮದಿನಾಂಕವನ್ನು ಗುಪ್ತಪದವಾಗಿ ಬಳಸಕೂಡದು. ಕುಟುಂಬದವರ ಹೆಸರು ಅಥವಾ ಮನೆಯ ಸಂಖ್ಯೆಯನ್ನು ಜಾಲದ ಹೆಸರಾಗಿಯೂ ಇಡದಿರುವುದು ಲೇಸು.
ಇ) ಭದ್ರತಾ ವಿಧಾನವಾಗಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆಯ್ಕೆ ಮಾಡತಕ್ಕದ್ದು. ಇವು ಕ್ರಮವಾಗಿ 2004 ಮತ್ತು 2018ರಲ್ಲಿ ಬಂದವು. ಇವಕ್ಕೂ ಹಿಂದಿನದಾದ ಡಬ್ಲ್ಯುಇಪಿ ವಿಧಾನದ ದೌರ್ಬಲ್ಯವು 2001ರಲ್ಲಿಯೇ ಬಹಿರಂಗವಾಗಿದ್ದು, ಅದನ್ನು ಬಳಸಕೂಡದು.
ಈ) ಗುಂಡಿ ಒತ್ತಿ ಅಥವಾ ಎಂಟು ಅಂಕಿಗಳ ಸಂಖ್ಯೆ ನೀಡಿ ಜಾಲಕ್ಕೆ ಸೇರಿಸುವ ಡಬ್ಲ್ಯುಪಿಎಸ್ ಸೌಲಭ್ಯವನ್ನು ನಿಷ್ಕ್ರಿಯಗೊಳಿಸುವುದು ಸೂಕ್ತ. ಆ ಸಂಖ್ಯೆಯನ್ನು ಕಂಡುಹಿಡಿಯುವ ಮಾರ್ಗವು 2011ರ ಡಿಸೆಂಬರಿನಲ್ಲಿ ಪ್ರಕಟವಾಯಿತು.
ಉ) ಮನೆಯ ಹೊರಗಿನಿಂದ ನಿಯಂತ್ರಣ ಪುಟವನ್ನು ತೆರೆಯುವ ಸೌಲಭ್ಯ ಚಾಲ್ತಿಯಲ್ಲಿದ್ದು, ಅದನ್ನು ಸೇವಾದಾರರು ನಿರ್ವಹಣೆಗಾಗಿ ಬಳಸದಿದ್ದಲ್ಲಿ ನಿಲ್ಲಿಸತಕ್ಕದ್ದು.
ಊ) ಅತಿಥಿಗಳಿಗೆ ಹಾಗೂ ಕ್ಯಾಮೆರಾ ಮುಂತಾದ ಉಪಕರಣಗಳಿಗೆ ರೂಟರಿನಲ್ಲಿರುವ ಪ್ರತ್ಯೇಕ ಅತಿಥಿ ಜಾಲವನ್ನು ಬಳಸಬಹುದು.
ಋ) ತಯಾರಕರು ಬಿಡುಗಡೆ ಮಾಡುವ ತಂತ್ರಾಂಶದ ಪರಿಷ್ಕರಣೆಗಳನ್ನು ಕಾಲಕಾಲಕ್ಕೆ ಅಳವಡಿಸಿಕೊಳ್ಳತಕ್ಕದ್ದು.

5. ಸಂಪರ್ಕದಾರರ ಹೊಣೆಗಾರಿಕೆ

ಮನೆಯೊಳಗಿನ ಎಲ್ಲ ಉಪಕರಣಗಳೂ ಹೊರಜಗತ್ತಿಗೆ ರೂಟರಿನ ಒಂದೇ ವಿಳಾಸದಿಂದ ಕಾಣುತ್ತವೆ. ಸೇವಾದಾರರ ದಾಖಲೆಯಲ್ಲಿ ಆ ವಿಳಾಸವು ಸಂಪರ್ಕದಾರರ ಹೆಸರಿನಲ್ಲಿರುತ್ತದೆ. ಆದುದರಿಂದ ಆ ಸಂಪರ್ಕದ ಮೂಲಕ ಅಪರಾಧ ನಡೆದಲ್ಲಿ ತನಿಖೆಯು ಮೊದಲು ಬರುವುದು ಸಂಪರ್ಕದಾರರ ಮನೆಗೇ.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳು ನಡೆಯುವ ಕೆಲವೇ ನಿಮಿಷಗಳ ಮುನ್ನ ಸುದ್ದಿ ಸಂಸ್ಥೆಗಳಿಗೆ ಬೆದರಿಕೆಯ ಇ-ಮೇಲ್ ತಲುಪಿತ್ತು. ಅದರ ಮೂಲವನ್ನು ಹುಡುಕಿದಾಗ ನವಿ ಮುಂಬಯಿಯ ಮನೆಯೊಂದರ ಅಂತರ್ಜಾಲ ಸಂಪರ್ಕ ಪತ್ತೆಯಾಯಿತು. ಆ ಮನೆಯಲ್ಲಿ ವಾಸವಿದ್ದವರು ವಿಚಾರಣೆ ಹಾಗೂ ಪರೀಕ್ಷೆಗಳಿಗೆ ಒಳಪಡಬೇಕಾಯಿತು. ಭದ್ರಪಡಿಸದೆ ಬಿಟ್ಟಿದ್ದ ಅವರ ವೈ-ಫೈ ಸಂಪರ್ಕವನ್ನು ಹೊರಗಿನವರು ಬಳಸಿಕೊಂಡಿದ್ದರು. ಅದೇ ವರ್ಷ ಮುಂಬಯಿಯ ಇತರ ವೈ-ಫೈ ಸಂಪರ್ಕಗಳೂ ಇದೇ ರೀತಿ ದುರ್ಬಳಕೆಯಾದವು. ಇದರ ಹಿನ್ನೆಲೆಯಲ್ಲಿ 2009ರ ಫೆಬ್ರವರಿಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ವೈ-ಫೈ ಸಂಪರ್ಕಗಳ ಸುರಕ್ಷಿತ ಬಳಕೆಯ ಬಗ್ಗೆ ಸೇವಾದಾರರಿಗೆ ಸೂಚನೆಗಳನ್ನು ಹೊರಡಿಸಿತು.

ಇತರರ ಜಾಲವನ್ನು ಅವರ ಅನುಮತಿಯಿಲ್ಲದೆ ಬಳಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 43ನೇ ಪ್ರಕರಣದ ವ್ಯಾಪ್ತಿಗೆ ಬರುತ್ತದೆ. ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶದಿಂದ ಹೀಗೆ ಮಾಡಿದಲ್ಲಿ 66ನೇ ಪ್ರಕರಣದನ್ವಯ 3 ವರ್ಷಗಳವರೆಗೆ ಕಾರಾವಾಸ ಅಥವಾ 5 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ.

6. ಬಳಕೆದಾರರ ಅನುಭವಕ್ಕೆ ಬರುವ ಸಾಮಾನ್ಯ ತೊಂದರೆಗಳು

ಅ) ವೈ-ಫೈ ಸಂಕೇತ ಪೂರ್ಣವಾಗಿದ್ದರೂ ಪುಟ ತೆರೆಯದಿರುವುದು: ಮೊಬೈಲಿನಲ್ಲಿ ಕಾಣುವ ಗೆರೆಗಳು ಮೊಬೈಲ್ ಹಾಗೂ ರೂಟರ್ ನಡುವಿನ ಸಂಕೇತವನ್ನು ಮಾತ್ರ ಸೂಚಿಸುತ್ತವೆ. ಫೈಬರ್ ಪೆಟ್ಟಿಗೆಯಲ್ಲಿ 'ಎಲ್ಒಎಸ್' ಎಂಬ ಕೆಂಪು ದೀಪ ಉರಿಯುತ್ತಿದ್ದಲ್ಲಿ ಫೈಬರಿನ ಸಂಕೇತ ಬರುತ್ತಿಲ್ಲವೆಂದು ಅರ್ಥ. ಎಳೆಯು ಸರಿಯಾಗಿ ಜೋಡಣೆಯಾಗಿದೆಯೇ ಎಂದು ನೋಡಿದ ನಂತರವೂ ದೀಪ ಆರದಿದ್ದಲ್ಲಿ ಸೇವಾದಾರರಿಗೆ ದೂರು ನೀಡತಕ್ಕದ್ದು. ರೂಟರಿನ ವ್ಯವಸ್ಥೆಯನ್ನು ಬದಲಾಯಿಸುವುದರಿಂದ ಪ್ರಯೋಜನವಿಲ್ಲ.

ಆ) 'ರೀಸೆಟ್' ಗುಂಡಿ ಒತ್ತಿದ ನಂತರ ಸಂಪರ್ಕವೇ ಇಲ್ಲವಾಗುವುದು: ಗುಪ್ತಪದ ಮರೆತಾಗ ಹಿಂಭಾಗದ ಸಣ್ಣ ರಂಧ್ರದಲ್ಲಿರುವ ಈ ಗುಂಡಿಯನ್ನು ಒತ್ತುವವರಿದ್ದಾರೆ. ಇದರಿಂದ ಗುಪ್ತಪದದ ಜೊತೆಗೆ ಸೇವಾದಾರರು ಅಳವಡಿಸಿದ ಸಂಪರ್ಕದ ವಿವರಗಳೂ ಅಳಿಸಿಹೋಗುತ್ತವೆ. ಆ ವಿವರಗಳು ಕೈಯಲ್ಲಿಲ್ಲದಿದ್ದಲ್ಲಿ ತಂತ್ರಜ್ಞರು ಬರುವವರೆಗೂ ಕಾಯಬೇಕಾಗುತ್ತದೆ. ಸಾಮಾನ್ಯ ಅಡಚಣೆಗೆ ವಿದ್ಯುತ್ ಸ್ವಿಚ್ಚನ್ನು ಆರಿಸಿ, ಅರ್ಧ ನಿಮಿಷದ ನಂತರ ಹಾಕುವುದು ಸಾಕಾಗುತ್ತದೆ.

ಇ) ಸಂಜೆಯ ವೇಳೆ ವೇಗ ಕುಸಿಯುವುದು: ವಸತಿ ಸಮುಚ್ಚಯಗಳಲ್ಲಿ ಅಕ್ಕಪಕ್ಕದ ರೂಟರುಗಳು ಒಂದೇ ಚಾನೆಲ್ ಬಳಸುವುದು ಇದಕ್ಕೊಂದು ಕಾರಣ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ 1, 6 ಮತ್ತು 11ನೇ ಚಾನೆಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲವಾದ್ದರಿಂದ ಇವುಗಳಲ್ಲಿ ಕಡಿಮೆ ದಟ್ಟಣೆಯದನ್ನು ಆರಿಸಿಕೊಳ್ಳಬಹುದು. ಹತ್ತಿರದ ಉಪಕರಣಗಳನ್ನು 5 ಗಿಗಾಹರ್ಟ್ಸ್ ಪಟ್ಟಿಗೆ ವರ್ಗಾಯಿಸುವುದು ಇನ್ನೂ ಉತ್ತಮ.

ಈ) ಸೇವಾದಾರರು ಹೇಳಿದ ವೇಗ ದೊರೆಯದಿರುವುದು: ವೇಗವನ್ನು ಮೆಗಾಬಿಟ್‌ಗಳಲ್ಲಿಯೂ ಕಡತಗಳ ಗಾತ್ರವನ್ನು ಮೆಗಾಬೈಟ್‌ಗಳಲ್ಲಿಯೂ ಹೇಳಲಾಗುತ್ತದೆ. 8 ಬಿಟ್‌ಗಳಿಗೆ ಒಂದು ಬೈಟ್. ಆದ್ದರಿಂದ 100 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಗರಿಷ್ಠ 12.5 ಮೆಗಾಬೈಟ್ ಇಳಿಸಿಕೊಳ್ಳಬಹುದು. ದೂರು ನೀಡುವ ಮುನ್ನ ಗಣಕಯಂತ್ರವನ್ನು ತಂತಿಯಿಂದ ಜೋಡಿಸಿ ವೇಗವನ್ನು ಅಳೆಯುವುದು. ತಂತಿಯಲ್ಲಿ ಸರಿಯಾಗಿದ್ದು ವೈ-ಫೈನಲ್ಲಿ ಮಾತ್ರ ಕಡಿಮೆಯಿದ್ದಲ್ಲಿ ತೊಂದರೆ ಮನೆಯೊಳಗಿದೆ ಎಂದು ತಿಳಿಯಬಹುದು.

7. ಸೇವೆಗಳಿಗೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಅ) ಒಂದು ಬಾರಿಯ ಗುಪ್ತಸಂಖ್ಯೆ, ಅಂದರೆ ಓಟಿಪಿಯು ಎಸ್ಎಂಎಸ್ ಆಗಿ ಮೊಬೈಲ್ ಜಾಲದ ಮೂಲಕ ಬರುತ್ತದೆ. ಅದು ಬಾರದಿರುವುದಕ್ಕೆ ರೂಟರ್ ಸಾಮಾನ್ಯವಾಗಿ ಕಾರಣವಲ್ಲ. ಮೊಬೈಲ್ ಸಂಕೇತವನ್ನು ಪರಿಶೀಲಿಸತಕ್ಕದ್ದು.
ಆ) ಶುಲ್ಕ ಪಾವತಿಯ ಮಧ್ಯೆ ಮೊಬೈಲು ವೈ-ಫೈನಿಂದ ಮೊಬೈಲ್ ಡೇಟಾಕ್ಕೆ ಬದಲಾದಲ್ಲಿ ವ್ಯವಹಾರ ಅರ್ಧಕ್ಕೆ ನಿಲ್ಲಬಹುದು. ಹಣ ಕಡಿತವಾಗಿ ರಸೀದಿ ಬಾರದಿದ್ದಲ್ಲಿ ವ್ಯವಹಾರ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅರ್ಜಿಯ ಸ್ಥಿತಿಯನ್ನು ಪರಿಶೀಲಿಸಿದ ನಂತರವೇ ಪುನಃ ಪಾವತಿಸತಕ್ಕದ್ದು.
ಇ) ದಾಖಲೆ ಲಗತ್ತಾಗದಿದ್ದಲ್ಲಿ ಮೊದಲು ಕಡತದ ಗಾತ್ರವು ನಿಗದಿತ ಮಿತಿಯೊಳಗಿದೆಯೇ ಎಂದು ನೋಡತಕ್ಕದ್ದು.
ಈ) ಭದ್ರತಾ ಪ್ರಮಾಣಪತ್ರದ ಬಗ್ಗೆ ಬ್ರೌಸರ್ ಎಚ್ಚರಿಕೆ ನೀಡಿದಲ್ಲಿ ಮುಂದುವರಿಯಕೂಡದು. ಉಪಕರಣದ ದಿನಾಂಕ ಸರಿಯಿದ್ದೂ ಹಲವು ತಾಣಗಳಲ್ಲಿ ಇದೇ ಎಚ್ಚರಿಕೆ ಬಂದಲ್ಲಿ ರೂಟರನ್ನು ಪರಿಶೀಲಿಸುವುದು ಅಗತ್ಯ.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅನ್ಯರು ಜಾಲವನ್ನು ಬಳಸುತ್ತಿರುವುದನ್ನು ತಿಳಿಯುವುದು ಹೇಗೆ?
ಉತ್ತರ: ನಿಯಂತ್ರಣ ಪುಟದಲ್ಲಿ ಜೋಡಣೆಯಾಗಿರುವ ಉಪಕರಣಗಳ ಪಟ್ಟಿ ಇರುತ್ತದೆ. ಮನೆಯ ಉಪಕರಣಗಳನ್ನು ಒಂದೊಂದಾಗಿ ಆರಿಸಿ ನೋಡಿದಾಗ ಉಳಿಯುವುದು ಅನ್ಯರದ್ದು. ಅಂತಹುದು ಕಂಡುಬಂದಲ್ಲಿ ಎರಡೂ ಗುಪ್ತಪದಗಳನ್ನು ಕೂಡಲೇ ಬದಲಾಯಿಸತಕ್ಕದ್ದು.

ಪ್ರಶ್ನೆ: ಜಾಲದ ಹೆಸರನ್ನು ಮರೆಮಾಡಿದಲ್ಲಿ ಗುಪ್ತಪದ ಬೇಡವೇ?
ಉತ್ತರ: ಬೇಕು. ಮರೆಮಾಡಿದ ಹೆಸರನ್ನು ಸುಲಭವಾಗಿ ಪತ್ತೆಹಚ್ಚಬಹುದಾಗಿದೆ.

ಪ್ರಶ್ನೆ: ಅಂಗಡಿಯ ಗ್ರಾಹಕರಿಗೆ ವೈ-ಫೈ ನೀಡಬಹುದೇ?
ಉತ್ತರ: ಮನೆಯ ಸಂಪರ್ಕವನ್ನು ಇದಕ್ಕಾಗಿ ಬಳಸದಿರುವುದು ಸೂಕ್ತ. ಕೇಂದ್ರ ಸಚಿವ ಸಂಪುಟವು 2020ರ ಡಿಸೆಂಬರ್ 9ರಂದು ಅನುಮೋದಿಸಿದ 'ಪಿಎಂ-ವಾಣಿ' ವ್ಯವಸ್ಥೆಯಲ್ಲಿ ಸಣ್ಣ ಅಂಗಡಿಯವರೂ ಪರವಾನಗಿಯಿಲ್ಲದೆ ಸಾರ್ವಜನಿಕ ವೈ-ಫೈ ಒದಗಿಸಬಹುದಾಗಿದೆ.

9. ದೂರು ಸಲ್ಲಿಸುವ ವಿಧಾನ

ಸಂಪರ್ಕದ ಲೋಪಗಳಿಗೆ ಮೊದಲು ಸೇವಾದಾರರ ದೂರು ಕೇಂದ್ರಕ್ಕೆ ತಿಳಿಸಿ ದೂರು ಸಂಖ್ಯೆಯನ್ನು ಪಡೆಯತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ, ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ವಿನಿಯಮಗಳ ಮೇರೆಗೆ ಅದೇ ಸೇವಾದಾರರ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದಾಗಿದೆ.

ಹಣ ಕಳೆದುಕೊಂಡಿದ್ದಲ್ಲಿ ತಡಮಾಡದೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಅಥವಾ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿಯೂ ದೂರು ನೀಡಬಹುದು. ಸಂಪರ್ಕದ ದುರ್ಬಳಕೆಯ ಸಂದೇಹವಿದ್ದಲ್ಲಿ ದೂರು ದಾಖಲಾಗುವವರೆಗೆ ರೂಟರಿನ ವಿವರಗಳನ್ನು ಅಳಿಸಕೂಡದು. ಜೋಡಣೆಯಾದ ಉಪಕರಣಗಳ ಪಟ್ಟಿಯನ್ನು ಹಾಗೂ ದಾಖಲೆ ಪುಟವನ್ನು ಛಾಯಾಚಿತ್ರ ತೆಗೆದಿಟ್ಟುಕೊಂಡ ನಂತರ ಗುಪ್ತಪದಗಳನ್ನು ಬದಲಾಯಿಸತಕ್ಕದ್ದು.