ತಣ್ಣೀರ ಕೊಳದ ಲೆಕ್ಕ, ತಲಾವ್ ಪಾಳಿಯ ಬಾಕಿ

ಠಾಣೆಯನ್ನು ಕೆರೆಗಳ ಊರೆನ್ನುವ ವಾಡಿಕೆಯುಂಟು. ನಮಗೆ ಇನ್ನೊಂದು ನಂಟೂ ಇದೆ: ಶ್ರೀಸ್ಥಾನಕವೆಂದು ಹೆಸರಿದ್ದ ಈ ಊರಿನಿಂದ ಆಳಿದ ಶಿಲಾಹಾರರು ಮೊದಲು ರಾಷ್ಟ್ರಕೂಟರ ಮಾಂಡಲಿಕರು. ಕಾನ್ಹೇರಿ ಗುಹೆಯ ಕ್ರಿ.ಶ. 843ರ ಶಾಸನದಲ್ಲಿ ಅಮೋಘವರ್ಷನ ಹೆಸರಿದೆ. ಅದಿರಲಿ, ನಾನು ಹೇಳಹೊರಟದ್ದು ನೀರಿನ ಮಾತು.

ಕೆಲವು ವರ್ಷಗಳ ಹಿಂದೆ ಚೌತಿಯ ಗಣಪನನ್ನು ಬಕೆಟ್ಟಿನಲ್ಲೇ ವಿಸರ್ಜಿಸೋಣವೆಂದೆ. "ಹರಿಯೋ ನೀರಿಗೇ ಬಿಡಬೇಕೋ ತಮ್ಮಾ" ಎಂದಳು ಅವ್ವ. "ಅವ್ವಾ, ಮಾಸುಂದಾ ನೀರು ಎಲ್ಲಿ ಹರೀತದ?" ಎಂದದ್ದಕ್ಕೆ ಎರಡು ದಿನ ಮಾತು ಬಿಟ್ಟಳು. ಬಿ.ಎಸ್‌ಸಿ. ಓದಿದ ನಾನು ಅವಳಿಗೆ ಉತ್ತರ ಕೊಡಬೇಕೆಂದು ಪುಸ್ತಕ ತೆರೆದೆ. ಸಿಕ್ಕಿದ್ದೆಲ್ಲ ಹಿಮದೇಶದ ಕೊಳಗಳ ಚರಿತ್ರೆ!

ಅಮೆರಿಕದ ಮಿನ್ನೆಸೋಟದ ಒಂದು ಪುಟ್ಟ ಕೊಳದಲ್ಲಿ ಪಾಚಿ, ಹುಳು, ಮೀನುಗಳ ನಡುವೆ ಶಕ್ತಿ ಹೇಗೆ ಕೈಬದಲಾಗುತ್ತದೆಂದು ರೇಮಂಡ್ ಲಿಂಡ್‌ಮನ್ ಲೆಕ್ಕ ಹಾಕಿದ. ಇದು ಬರೀ ಊಹೆಯೆಂದು ತಜ್ಞರು ಮೊದಲು ಅವನ ಲೇಖನವನ್ನು ತಿರಸ್ಕರಿಸಿದ್ದರು. 1942ರಲ್ಲಿ ಅದು ಅಚ್ಚಾಗುವ ಹೊತ್ತಿಗೆ ಅವನೇ ಇರಲಿಲ್ಲ, ಇಪ್ಪತ್ತೇಳು ತುಂಬಿರಲಿಲ್ಲ. 1968ರಲ್ಲಿ ವೋಲೆನ್‌ವೈಡರ್ ರಂಜಕದ ಲೆಕ್ಕ ತಂದರು: ವರ್ಷಕ್ಕೆ ಎಷ್ಟು ಬಂತು, ಕೊಳ ಎಷ್ಟು ಆಳ, ಮುಂದೆ, ನೀರು ಎಷ್ಟು ದಿನಕ್ಕೆ ಬದಲಾಗುತ್ತದೆ ಎಂಬುದೂ ಸೇರಿತು. ನಮ್ಮ ಆಫೀಸಿನ ಜಮಾ-ಖರ್ಚೇ! 1973ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ತಂಡ 226ನೇ ನಂಬರಿನ ಸರೋವರದ ಸೊಂಟಕ್ಕೆ ಪರದೆ ಕಟ್ಟಿತು. ಎರಡೂ ಕಡೆ ಇಂಗಾಲ, ಸಾರಜನಕ; ಒಂದೇ ಕಡೆ ರಂಜಕ. ಆ ಕಡೆಯ ನೀರಷ್ಟೇ ಹಸಿರುಗಟ್ಟಿತು. ವಿಮಾನದಿಂದ ತೆಗೆದ ಅದರ ಫೋಟೋ, ಬಟ್ಟೆ ಸೋಪಿನ ಪುಡಿಯಲ್ಲಿ ರಂಜಕ ಬೇಡವೆನ್ನುವವರ ಕೈಗೆ ದೊಡ್ಡ ಸಾಕ್ಷಿಯಾಯಿತು.

ಆ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ತಂದರೆ ತಾಳೆಯಾಗದು. ನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ. ಆದ್ದರಿಂದ ಅಲ್ಲಿನ ಆಳದ ಕೊಳಗಳು ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಮೇಲು-ಕೆಳಗಾಗಿ ಬೆರೆಯುತ್ತವೆ. ನಮ್ಮಲ್ಲಿ ಹಿಮವೆಲ್ಲಿ? ನಮಗಿರುವುದು ಮಳೆಗಾಲ. ಮೇಲಾಗಿ 4 ಡಿಗ್ರಿಯ ನೀರು ಲೀಟರಿಗೆ ಸುಮಾರು 13 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯ ನೀರು ಏಳೂವರೆಯಷ್ಟೇ ಹಿಡಿದೀತು. ಕೊಳೆಯುವ ಹೂವು-ಪತ್ರೆಯೂ ಇಲ್ಲಿ ಬೇಗ ಕೊಳೆತು ಅದನ್ನೇ ನುಂಗುತ್ತದೆ. ತಳದಲ್ಲಿ ಆಮ್ಲಜನಕ ತೀರಿತೆಂದರೆ ಕೆಸರು ಹಿಡಿದಿಟ್ಟ ಹಳೆಯ ರಂಜಕ ಮತ್ತೆ ನೀರಿಗೆ ಬಿಡುಗಡೆ. ಹಿಂದಿನ ಬಾಕಿ ಈ ವರ್ಷದ ಪುಸ್ತಕಕ್ಕೆ!

ಇಷ್ಟನ್ನೂ ಅವ್ವನಿಗೆ ಹೇಳಿದೆ. ರಂಜಕ ಅವಳಿಗೆ ಬೇಡ. ಮೀನು ಉಸಿರುಗಟ್ಟುವ ಮಾತು ಮಾತ್ರ ನಾಟಿತು. ಈಗ ಮಣ್ಣಿನ ಗಣಪ ಬಕೆಟ್ಟಿನಲ್ಲೇ ಕರಗಿ ದಾಸವಾಳದ ಕುಂಡ ಸೇರುತ್ತಾನೆ. ನಿರ್ಮಾಲ್ಯದ ಚೀಲವನ್ನು ಮಾತ್ರ ಅವ್ವ ತಾನೇ ಒಯ್ದು, ಕೆರೆಯ ದಂಡೆಯಲ್ಲಿಟ್ಟ ಕಲಶಕ್ಕೆ ಹಾಕಿ, ನೀರಿಗೊಂದು ಕೈ ಮುಗಿದು ಬರುತ್ತಾಳೆ.