ಒಂಟೆಯೂ ಹಡಗೂ: ಒಂದು ಯುದ್ಧಕ್ರೀಡೆಯ ದೋಷಶೋಧನೆಯ ಇತಿಹಾಸ

ಗ್ರಂಥಕರ್ತನು ಗತಿಸಿದ ತರುವಾಯ ಗ್ರಂಥದ ಶುದ್ಧಿಯು ಯಾರ ಹೊಣೆಯಲ್ಲಿ ನಿಲ್ಲುವುದೆಂಬ ಪ್ರಶ್ನೆಯು ಓಲೆಯ ಪ್ರತಿಗಳನ್ನು ಕೈಯಲ್ಲಿ ಹಿಡಿದವರಿಗೆಲ್ಲ ಪರಿಚಿತವಾದುದು. ಲಿಪಿಕಾರನ ಕೈತಪ್ಪು ಒಂದು ಪ್ರತಿಯಿಂದ ಮತ್ತೊಂದಕ್ಕೆ ಇಳಿದು ಬರುತ್ತದೆ. ಓದುವವರಲ್ಲಿ ಯಾರಾದರೊಬ್ಬರು ನಿಂತು, ಇಲ್ಲಿ ಅರ್ಥವು ಕೂಡುವುದಿಲ್ಲವೆಂದು ಹೇಳುವವರೆಗೂ ಅದೇ ಪಾಠವೆಂದು ನಡೆಯುತ್ತದೆ. ಇದೇ ಪ್ರಶ್ನೆಯು ನಮ್ಮ ಕಾಲದಲ್ಲಿ ಗಣಕಯಂತ್ರದ ಯುದ್ಧಕ್ರೀಡೆಯೊಂದರ ವಿಷಯದಲ್ಲಿ ಎದ್ದು, ಇಪ್ಪತ್ತು ವರ್ಷಗಳಿಗೂ ಮೀರಿ ನಡೆದ ಕಥೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಆಟವೆಂಬ ಮಾತನ್ನು ಕೇಳಿದೊಡನೆಯೇ ಹುಬ್ಬು ಗಂಟಿಕ್ಕುವ ಹಿರಿಯರು ಚತುರಂಗವೂ ಆಟವೇ ಎಂಬುದನ್ನು ನೆನೆದು ಸ್ವಲ್ಪ ತಾಳ್ಮೆಯನ್ನು ತೋರಬೇಕಾಗಿ ಪ್ರಾರ್ಥನೆ.

ಅಮೆರಿಕಾ ದೇಶದ ಟೆಕ್ಸಾಸ್ ಪ್ರಾಂತದ ಡಲ್ಲಾಸ್ ನಗರದಲ್ಲಿದ್ದ ಎನ್‌ಸೆಂಬಲ್ ಸ್ಟುಡಿಯೋಸ್ ಎಂಬ ಸಂಸ್ಥೆಯವರು ೧೯೯೯ನೆಯ ಇಸವಿಯಲ್ಲಿ ‘ಏಜ್ ಆಫ್ ಎಂಪೈರ್ಸ್’ ಎಂಬ ಆಟದ ಎರಡನೆಯ ಭಾಗವನ್ನು ಪ್ರಕಟಿಸಿದರು. ಮಧ್ಯಯುಗದ ಹದಿಮೂರು ಜನಾಂಗಗಳಲ್ಲಿ ಒಂದನ್ನು ಆರಿಸಿಕೊಂಡ ಆಟಗಾರನು ಹಳ್ಳಿಗರಿಂದ ಬೇಸಾಯವನ್ನು ಮಾಡಿಸಿ, ಮರ, ಕಲ್ಲು, ಚಿನ್ನಗಳನ್ನು ಕೂಡಿಸಿ, ಕೋಟೆಯನ್ನು ಕಟ್ಟಿ, ಸೈನ್ಯವನ್ನು ನಡೆಯಿಸಿ ಎದುರಾಳಿಯನ್ನು ಜಯಿಸತಕ್ಕದ್ದು. ೨೦೦೦ದಲ್ಲಿ ಒಂದು ಅನುಬಂಧವು ಹೊರಟು ಜನಾಂಗಗಳು ಹದಿನೆಂಟಾದುವು. ಆ ಬಳಿಕ ೧.೦ಸಿ ಎಂಬ ಗುರುತಿನ ಒಂದು ತೇಪೆಯು ಬಂದುದೇ ಕಡೆಯದು. (ಪ್ರಕಟವಾದ ಮೇಲೆ ಮಾಡುವ ತಿದ್ದುಪಡಿಗೆ ಆ ಜನರು ‘ಪ್ಯಾಚ್’, ಎಂದರೆ ತೇಪೆ, ಎಂದೇ ಹೆಸರಿಟ್ಟಿರುವರು, ಹೆಸರಿನಲ್ಲಿ ಆಡಂಬರವಿಲ್ಲದಿರುವುದು ಮೆಚ್ಚತಕ್ಕದ್ದು.) ೨೦೦೧ರಲ್ಲಿ ಸಂಸ್ಥೆಯು ಮೈಕ್ರೋಸಾಫ್ಟ್ ಕಂಪೆನಿಯ ವಶವಾಯಿತು, ೨೦೦೯ರಲ್ಲಿ ಮುಚ್ಚಲ್ಪಟ್ಟಿತು. ಆಡುವವರು ಮಾತ್ರ ಉಳಿದರು.

ದೋಷಗಳು ಇಂತಹ ಆಟದಲ್ಲಿ ಹೇಗೆ ಹುಟ್ಟುವುವೆಂಬುದನ್ನು ತಿಳಿಯಲು ಅದರ ಒಳಗಣ ರಚನೆಯನ್ನು ಕೊಂಚ ನೋಡಬೇಕು. ಬೇರೆ ಬೇರೆ ಊರುಗಳಲ್ಲಿ ಕುಳಿತವರು ಟೆಲಿಫೋನ್ ತಂತಿಯ ಮೂಲಕ ಕೂಡಿ ಆಡುವಾಗ, ಸಾವಿರಾರು ಸೈನಿಕರ ಸ್ಥಿತಿಗತಿಗಳನ್ನೆಲ್ಲ ಆ ಇಕ್ಕಟ್ಟಾದ ದಾರಿಯಲ್ಲಿ ಕಳುಹಿಸುವುದು ಸಾಧ್ಯವಿರಲಿಲ್ಲ. ಆದುದರಿಂದ ಆಟಗಾರನ ಆಜ್ಞೆಗಳನ್ನು ಮಾತ್ರ ಕಳುಹಿಸಿ, ಮಿಕ್ಕ ಲೆಕ್ಕವನ್ನೆಲ್ಲ ಪ್ರತಿಯೊಂದು ಯಂತ್ರವೂ ತಾನೇ ಮಾಡಿಕೊಳ್ಳುವಂತೆ ಏರ್ಪಡಿಸಿದರು. ಎಲ್ಲ ಯಂತ್ರಗಳ ಲೆಕ್ಕವೂ ಕಡೆಯ ಅಂಕೆಯವರೆಗೆ ಒಂದೇ ಆಗಿರಬೇಕು. ಆಟವನ್ನು ರಚಿಸಿದವರೇ ೨೦೦೧ರಲ್ಲಿ ಬರೆದಿಟ್ಟ ಒಂದು ವೃತ್ತಾಂತವಿದೆ: ಒಂದು ಯಂತ್ರದಲ್ಲಿ ಕಾಡಿನ ಜಿಂಕೆಯೊಂದು ಹುಟ್ಟುವಾಗಲೇ ಕಿಂಚಿತ್ ಓರೆಯಾಗಿ ನಿಂತುಬಿಟ್ಟರೆ, ಅದರ ಮೇವಿನ ದಾರಿಯು ಅಷ್ಟಿಷ್ಟು ಬೇರೆಯಾಗುವುದು, ಕೆಲವು ನಿಮಿಷಗಳ ಮೇಲೆ ಅದನ್ನು ಬೇಟೆಯಾಡಲು ಹೋದ ಹಳ್ಳಿಗನ ಈಟಿಯು ಒಂದು ಯಂತ್ರದಲ್ಲಿ ತಾಗಿ ಮತ್ತೊಂದರಲ್ಲಿ ತಪ್ಪುವುದು, ಮಾಂಸವು ಒಂದು ಮನೆಗೆ ಬಂದು ಇನ್ನೊಂದಕ್ಕೆ ಬಾರದು. ಅಲ್ಲಿಗೆ ಎರಡು ಯಂತ್ರಗಳಲ್ಲಿ ನಡೆಯುತ್ತಿರುವುದು ಎರಡು ಬೇರೆ ಆಟಗಳಾದಂತಾಯಿತು. ಪದ, ಕ್ರಮ, ಜಟಾ, ಘನಗಳೆಂದು ಒಂದೇ ಮಂತ್ರವನ್ನು ಹಲವು ವಿಧವಾಗಿ ಮಡಿಸಿ ಒಪ್ಪಿಸುವ ವೇದಪಾಠಿಗಳಿಗೆ ಈ ಎಚ್ಚರದ ಅರ್ಥವು ಬೇಗನೆ ತಿಳಿಯುವುದು. ಅಲ್ಲಿಯೂ ಒಂದು ಸ್ವರವು ಜಾರಿದರೆ ಮುಂದಿನ ಸುತ್ತಿನಲ್ಲಿ ಅದು ಬಯಲಿಗೆ ಬಂದೇ ಬರುವುದು.

ಈ ರಚನೆಯಿಂದ ಒಂದು ದೊಡ್ಡ ಉಪಕಾರವೂ ಆಯಿತು. ಆಜ್ಞೆಗಳನ್ನಷ್ಟೇ ಬರೆದಿಟ್ಟುಕೊಂಡರೆ ಇಡೀ ಆಟವನ್ನು ಮತ್ತೆ ನಡೆಯಿಸಿ ನೋಡಬಹುದು. ಹೀಗಾಗಿ ದೋಷವನ್ನು ಕಂಡವನು ಬಾಯಿಮಾತಿನಲ್ಲಿ ಹೇಳದೆ ಸಾಕ್ಷ್ಯವನ್ನೇ ಕೈಯಲ್ಲಿ ಹಿಡಿದು ಬರುವಂತಾಯಿತು.

ಕರ್ತೃಗಳು ಕೈಬಿಟ್ಟ ಕಾಲದಲ್ಲಿ ಅಭಿಮಾನಿಗಳು ಮಾಡಿದ ಕೆಲಸವು ಸಾಹಸದ್ದೆಂದೇ ಹೇಳಬೇಕು. ವಿಂಡೋಸ್ ವ್ಯವಸ್ಥೆಯ ಹೊಸ ಆವೃತ್ತಿಗಳಲ್ಲಿ ಆಟದ ಬಣ್ಣಗಳು ಕೆಟ್ಟು, ಹುಲ್ಲು ನೇರಿಳೆಯಾಗಿಯೂ ನೀರು ಕೆಂಪಾಗಿಯೂ ತೋರತೊಡಗಿದುವು. ಯಂತ್ರಕ್ಕೆ ಕೊಟ್ಟ ಮೂಲಲೇಖನವು ಕಂಪೆನಿಯ ಪೆಟ್ಟಿಗೆಯಲ್ಲಿದ್ದಿತು. ಜನರ ಕೈಯಲ್ಲಿದ್ದುದು ಯಂತ್ರಕ್ಕಲ್ಲದೆ ಮನುಷ್ಯರಿಗೆ ಓದಲಾಗದ ಅಂಕೆಗಳ ರಾಶಿ. ಆ ರಾಶಿಯಲ್ಲಿಯೇ ಬೇಕಾದ ಸ್ಥಳವನ್ನು ಹುಡುಕಿ ತಿದ್ದಿ, ‘ಯೂಸರ್‌ಪ್ಯಾಚ್’ ಎಂಬ ತೇಪೆಯನ್ನು ಸಂಬಳವಿಲ್ಲದ ಕೈಗಳು ಸಿದ್ಧಪಡಿಸಿದುವು. ಬಣ್ಣವು ಸರಿಹೋಯಿತು, ಅಗಲವಾದ ಹೊಸ ತೆರೆಗಳಿಗೆ ಆಟವು ಹೊಂದಿಕೊಂಡಿತು, ಹಳೆಯ ದೋಷಗಳು ಹಲವು ನೀಗಿದುವು. ಮತ್ತೊಂದು ಗುಂಪಿನವರು ೨೦೧೨ರಲ್ಲಿ ‘ಫಾರ್ಗಾಟನ್ ಎಂಪೈರ್ಸ್’ ಎಂಬ ಹೆಸರಿನಿಂದ ಐದು ಹೊಸ ಜನಾಂಗಗಳನ್ನು ಸೇರಿಸಿದರು. ಆ ಐವರಲ್ಲಿ ಭಾರತೀಯರೂ ಒಬ್ಬರು.

ಇಲ್ಲಿಂದ ಒಂಟೆಯ ಕಥೆ. ಈ ಆಟದಲ್ಲಿ ಪ್ರತಿಯೊಂದು ದಳವೂ ಒಂದು ಅಥವಾ ಹಲವು ವರ್ಗಗಳಿಗೆ ಸೇರಿರುತ್ತದೆ. ಹೊಡೆಯುವವನ ಸಾಮಾನ್ಯ ಬಲದ ಮೇಲೆ, ಇಂಥ ವರ್ಗದವರಿಗೆ ಇಷ್ಟು ಹೆಚ್ಚಿನ ಪೆಟ್ಟೆಂದು ಬೇರೆ ಲೆಕ್ಕವುಂಟು. ಕೋಟೆಯ ಮತ್ತು ಬುರುಜಿನ ಬಾಣಗಳಿಗೆ ಹಡಗುಗಳ ಮೇಲೆ ಹೆಚ್ಚಿನ ಬಲವಿದ್ದಿತು. ಒಂಟೆಯನ್ನು ರಚನಕಾರರು ಹಡಗುಗಳ ವರ್ಗದಲ್ಲಿ ಸೇರಿಸಿದ್ದರು! ಮರುಭೂಮಿಯ ಹಡಗೆಂಬ ರೂಪಕವನ್ನು ಯಂತ್ರವು ವಾಚ್ಯಾರ್ಥವಾಗಿಯೇ ಹಿಡಿಯಿತೆಂದು ಆಲಂಕಾರಿಕರು ನಗಬಹುದು. ಕುದುರೆಗಿಂತ ಬೇರೆಯಾದ ವರ್ಗವೊಂದು ಒಂಟೆಗೆ ಬೇಕಾದಾಗ, ಹೊಸದನ್ನು ಕಲ್ಪಿಸದೆ ಇದ್ದುದರಲ್ಲಿಯೇ ಹೊಂದಿಸಿದ ಮಿತವ್ಯಯದ ಫಲವಿದೆಂದು ನನ್ನ ಊಹೆ. ಹೇಗೂ ಇರಲಿ, ಕೋಟೆಯ ಕೆಳಗೆ ನಿಂತ ಒಂಟೆಗೆ ಹಡಗಿಗೆ ಬೀಳುವಂತೆ ಪೆಟ್ಟು ಬೀಳುತ್ತಿದ್ದಿತು. ಭಾರತೀಯ ಜನಾಂಗಕ್ಕೆ ಕವಚಧಾರಿಗಳಾದ ರಾವುತರಿಲ್ಲದೆ ಒಂಟೆಯ ಪಡೆಯೇ ಆಧಾರವಾದುದರಿಂದ, ಹಿಂದೆ ಅಷ್ಟಾಗಿ ಕಾಡದಿದ್ದ ದೋಷವು ಒಂದು ಜನಾಂಗದ ಬೆನ್ನನ್ನೇ ಮುರಿಯುವಂತಹುದಾಯಿತು.

ಒಂಟೆಯು ದುರ್ಬಲವಾಗಿದೆಯೆಂದು ಗೊಣಗಿದರೆ ಅದು ದೂರು. ಆಟದೊಡನೆ ಬರುವ ರಂಗರಚನೆಯ ಸಾಧನದಿಂದ ಬರಿಯ ಬಯಲಿನಲ್ಲಿ ಒಂದು ಕೋಟೆಯನ್ನಿಟ್ಟು, ಅದರ ಮುಂದೆ ಒಂದು ಸಲ ಒಂಟೆಯನ್ನೂ ಮತ್ತೊಂದು ಸಲ ಕುದುರೆಯನ್ನೂ ನಿಲ್ಲಿಸಿ, ಒಂದೊಂದು ಬಾಣಕ್ಕೆ ಎಷ್ಟೆಷ್ಟು ಪ್ರಾಣವು ಕುಗ್ಗಿತೆಂದು ಎಣಿಸಿ, ಕವಚದ ಲೆಕ್ಕವನ್ನು ಕಳೆದು, ಉಳಿಯುವ ವ್ಯತ್ಯಾಸಕ್ಕೆ ಕಾರಣವನ್ನು ಹುಡುಕುವುದೇ ಶೋಧನೆ. ಪರೀಕ್ಷಕರೆನಿಸಿಕೊಂಡವರು ಇದನ್ನು ರಾತ್ರಿಗಟ್ಟಲೆ ಮಾಡುವರು. ಯಾವ ಆವೃತ್ತಿ, ಯಾವ ಕ್ರಮದಲ್ಲಿ ಮಾಡಿದರೆ ದೋಷವು ತೋರುವುದು, ಹತ್ತು ಸಲ ಮಾಡಿದರೆ ಎಷ್ಟು ಸಲ ತೋರುವುದು ಎಂಬಿಷ್ಟನ್ನೂ ಬರೆಯದ ವರದಿಗೆ ಅವರಲ್ಲಿ ಬೆಲೆಯಿಲ್ಲ. ನಮ್ಮ ಶಾಸನವಾಚಕರಲ್ಲಿ ಕೆಲವರು ಈ ಪದ್ಧತಿಯನ್ನು ಅನುಸರಿಸಿದ್ದರೆ ಎಷ್ಟೋ ವಿವಾದಗಳು ಹುಟ್ಟುತ್ತಲೇ ಇರಲಿಲ್ಲ.

೨೦೧೩ರಲ್ಲಿ ಕಂಪೆನಿಯು ಹಳೆಯ ಆಟಕ್ಕೆ ಹೊಸ ಆವೃತ್ತಿಯನ್ನು ಹೊರಡಿಸಿ, ಅಭಿಮಾನಿಗಳ ಆ ಅನುಬಂಧವನ್ನು ಅದೇ ವರ್ಷದ ನವೆಂಬರಿನಲ್ಲಿ ತನ್ನ ಮುದ್ರೆಯೊಡನೆ ಪ್ರಕಟಿಸಿತು. ತೇಪೆ ಹಾಕುತ್ತಿದ್ದವರೇ ನೇಯುವವರಾದರು. ಒಂಟೆಯೂ ಕಾಲಕ್ರಮದಲ್ಲಿ ಹಡಗುಗಳಿಂದ ಬೇರ್ಪಟ್ಟು ತನ್ನದೇ ವರ್ಗವನ್ನು ಪಡೆಯಿತು. ಆದಾಗ್ಯೂ ಪ್ರವೀಣರಾದ ಆಟಗಾರರಲ್ಲಿ ಅನೇಕರು ಹೊಸ ಆವೃತ್ತಿಯನ್ನು ಒಪ್ಪದೆ, ೨೦೧೯ರಲ್ಲಿ ಮತ್ತೊಂದು ಆವೃತ್ತಿಯು ಬರುವವರೆಗೂ ಹಳೆಯದನ್ನೇ ಆಡುತ್ತಿದ್ದರು. ಇದು ಹಟವೆಂದು ಕೆಲವರ ಮತ. ಋಷಿಗಳ ಪ್ರಯೋಗವು ವ್ಯಾಕರಣಕ್ಕೆ ಒಗ್ಗದಿದ್ದರೆ ನಾವು ಅದನ್ನು ಆರ್ಷವೆಂದು ಕರೆದು ಉಳಿಸಿಕೊಳ್ಳುವೆವಷ್ಟೆ. ವರ್ಷಾನುಗಟ್ಟಲೆ ಅಭ್ಯಾಸದಿಂದ ಕೈಗೆ ಹತ್ತಿದ ದೋಷವು ದೋಷವೋ ಗುಣವೋ ಎಂಬುದನ್ನು ನಿಶ್ಚಯಿಸುವುದು ಅಳತೆಗೋಲಿನ ಕೆಲಸವಲ್ಲ. ಆ ವಿಷಯದಲ್ಲಿ ಪರೀಕ್ಷಕರೂ ಆಟಗಾರರೂ ಜಗಳವಾಡಿದ್ದು ನ್ಯಾಯವೇ ಸರಿ.

ಅಳತೆಗೆ ಸಿಕ್ಕದ ಇನ್ನೊಂದು ದೋಷವುಂಟು, ಅದು ನಮಗೆ ಹತ್ತಿರದ್ದು. ಇಡೀ ಭರತಖಂಡಕ್ಕೆ ಒಂದೇ ಜನಾಂಗವೆಂಬ ಏರ್ಪಾಡು ೨೦೨೨ರ ಏಪ್ರಿಲಿನವರೆಗೂ ನಡೆಯಿತು. ಆಗ ಹಿಂದೂಸ್ಥಾನಿಗಳು, ಗುರ್ಜರರು, ವಂಗರು, ದ್ರಾವಿಡರು ಎಂದು ನಾಲ್ಕಾಗಿ ವಿಂಗಡಿಸಿದರು. ದ್ರಾವಿಡರಿಗೆ ಉರುಮಿ ಹಿಡಿದ ಭಟರೂ ನೌಕಾಬಲವೂ, ಕಥಾಭಾಗದಲ್ಲಿ ರಾಜೇಂದ್ರ ಚೋಳನೂ ದೊರೆತರು. ಸಂತೋಷವೇ. ಆದರೆ ಆ ರಾಜೇಂದ್ರನೊಡನೆ ಕಾದಾಡಿದ ಕಲ್ಯಾಣದ ಚಾಲುಕ್ಯರನ್ನು ಯಾವ ಜನಾಂಗದಲ್ಲಿ ಎಣಿಸಬೇಕು? ದ್ರಾವಿಡವೆಂಬ ಒಂದೇ ಹೆಸರಿನ ಕೆಳಗೆ ಕನ್ನಡ ತಮಿಳುಗಳೆರಡನ್ನೂ ಇಡುವುದಾದರೆ ಶತ್ರುಗಳಿಬ್ಬರೂ ಒಂದೇ ಪಡೆಯವರಾಗುವರು. ಒಂಟೆಯನ್ನು ಹಡಗುಗಳಲ್ಲಿ ಎಣಿಸಿದುದಕ್ಕಿಂತ ಇದೇನೂ ಚಿಕ್ಕ ವರ್ಗದೋಷವಲ್ಲ.

ಹಳೆಯ ಆಟಗಳ ದಾಖಲೆಯು ಆಯಾ ಆವೃತ್ತಿಯಲ್ಲಿ ಮಾತ್ರ ನಡೆಯುತ್ತದೆ. ತಿದ್ದಿದ ಆವೃತ್ತಿಯಲ್ಲಿ ಅದೇ ಆಜ್ಞೆಗಳಿಗೆ ಬೇರೆ ಫಲ ಬಂದು ಜಿಂಕೆಯ ಕಥೆಯಾಗುವುದು. ೧.೦ಸಿಯ ಕಾಲದ ಪಂದ್ಯವನ್ನು ನೋಡಬಯಸುವವರು ಆ ತೇಪೆಯ ಪ್ರತಿಯನ್ನೇ ತೆರೆಯಬೇಕು. ಅದರಲ್ಲಿ ಒಂಟೆಯು ಇನ್ನೂ ಹಡಗಾಗಿಯೇ ಇರುತ್ತದೆ.