ಶ್ರವಣಬೆಳಗೊಳದ ಶಾಸನಗಳೂ ಮೂಲಪಾಠದ ಪ್ರಕಟನೆಯೂ

ಶಾಸನಗಳಿಂದ ಚರಿತ್ರೆಯನ್ನು ನಿರ್ಣಯಿಸುವ ವಿದ್ವಾಂಸನು ತನ್ನ ನಿರ್ಣಯವನ್ನು ಮಾತ್ರ ಲೋಕಕ್ಕೆ ತಿಳಿಸಿ, ಅದಕ್ಕೆ ಆಧಾರವಾದ ಪಾಠವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡರೆ, ಓದುವವನು ಅದನ್ನು ನಂಬಬೇಕು, ಇಲ್ಲವೆ ಬಿಡಬೇಕು, ಪರೀಕ್ಷಿಸಲು ಮಾರ್ಗವಿಲ್ಲ. ಬೆಂಗಳೂರಿನಲ್ಲಿ 1837ರಲ್ಲಿ ಜನಿಸಿದ ಬಿ. ಎಲ್. ರೈಸ್ ಸಾಹೇಬರು 1879ರಲ್ಲಿ ಪ್ರಕಟಿಸಿದ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥವು ಮುಖ್ಯವಾಗಿ ಆಂಗ್ಲಾನುವಾದಗಳ ಸಂಗ್ರಹವಾಗಿತ್ತು. 1886ರಲ್ಲಿ ಆರಂಭವಾದ ‘ಎಪಿಗ್ರಾಫಿಯ ಕರ್ನಾಟಿಕ’ ಮಾಲೆಯಲ್ಲಾದರೋ ಅವರು ಅನುವಾದದೊಡನೆ ಮೂಲಪಾಠವನ್ನೂ ಸೇರಿಸಿದರು. ಬಯಲಿನ ಕಲ್ಲು ಬಿಸಿಲುಮಳೆಗೆ ಸವೆಯುವುದು. ಅಚ್ಚಾದ ಪಾಠವು ಉಳಿಯುವುದು. ಆದರೆ ಲಾಭವು ಇಷ್ಟೇ ಅಲ್ಲ.

1889ರಲ್ಲಿ ಹೊರಬಂದ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದುವು. ಅವುಗಳಲ್ಲಿ ಮೊದಲನೆಯದು ಚಿಕ್ಕಬೆಟ್ಟದ ಬಂಡೆಯ ಮೇಲಣ ಸಂಸ್ಕೃತ ಶಾಸನ; ಲಿಪಿಯಿಂದ ಸುಮಾರು ಕ್ರಿ. ಶ. 600ರದೆಂದು ಎಣಿಸಲ್ಪಟ್ಟುದು. ಭದ್ರಬಾಹುಸ್ವಾಮಿಯು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂದಾಗಿ ತಿಳಿಸಲು, ಜೈನಸಂಘವು ದಕ್ಷಿಣಕ್ಕೆ ಬಂದಿತೆಂದೂ, ಪ್ರಭಾಚಂದ್ರನೆಂಬ ಆಚಾರ್ಯನು ಇಲ್ಲಿ ಸಮಾಧಿಯನ್ನು ಹೊಂದಿದನೆಂದೂ ಅದು ಹೇಳುವುದು. ಚಂದ್ರಗುಪ್ತ ಮೌರ್ಯನು ತನ್ನ ಗುರುವಿನೊಡನೆ ಬಂದು ಇಲ್ಲಿಯೇ ದೇಹವನ್ನು ಬಿಟ್ಟನೆಂಬ ಜೈನಸಂಪ್ರದಾಯಕ್ಕೆ ಇದು ಆಧಾರವೆಂದು ರೈಸರು ಹೇಳಿದರು. ಚಂದ್ರಗುಪ್ತನ ಹೆಸರು ಆ ಶಾಸನದಲ್ಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಇಂತಹ ನಿರ್ಣಯವು ಪ್ರತಿಭಟನೆಯಿಲ್ಲದೆ ನಿಲ್ಲುವುದುಂಟೆ? ಜೆ. ಎಫ್. ಫ್ಲೀಟರು 1892ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅದನ್ನು ಖಂಡಿಸಿದರು. ಶಾಸನವು ಮೊದಲು ಭದ್ರಬಾಹುವೇ ಮೊದಲಾದ ಗುರುಪರಂಪರೆಯನ್ನು ಹೇಳಿ, ಆಮೇಲೆ ಕ್ಷಾಮದ ಭದ್ರಬಾಹುವನ್ನು ಹೆಸರಿಸುವುದರಿಂದ, ಇವನು ಅದೇ ಹೆಸರಿನ ಬೇರೊಬ್ಬ ಆಚಾರ್ಯನು, ಮೌರ್ಯನ ಕಾಲದವನಲ್ಲ, ಎಂಬುದು ಅವರ ವಾದ. ವಾಕ್ಯಗಳ ಕ್ರಮವನ್ನು ಹಿಡಿದು ಮಾಡಿದ ಇಂತಹ ಆಕ್ಷೇಪಣೆಗೆ ಅನುವಾದದ ಸಾರಾಂಶವು ಸಾಲದು, ಪದಪದವೂ ಕಣ್ಣೆದುರಿಗಿರಬೇಕು. ರೈಸರ ಸಂಪುಟವು ರೈಸರ ಪ್ರತಿಪಕ್ಷಿಗೇ ಆಯುಧವನ್ನೊದಗಿಸಿತು! ಗಂಗರ ತಾಮ್ರಶಾಸನಗಳ ವಿಷಯದಲ್ಲಿಯೂ ಈ ಇಬ್ಬರಿಗೆ ಬಹುಕಾಲ ವಿವಾದವು ನಡೆಯಿತು. ಅವುಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟರು ಹೇಳುತ್ತಿದ್ದರು.

ರೈಸರ ಪಾಠಗಳೆಲ್ಲ ನಿರ್ದುಷ್ಟವಾಗಿದ್ದುವೆಂದು ಯಾರೂ ಹೇಳಲಾರರು. ಅವರ ಅನಂತರ ಇಲಾಖೆಯ ಭಾರವನ್ನು ವಹಿಸಿದ ಆರ್. ನರಸಿಂಹಾಚಾರ್ಯರು ಅದೇ ಬೆಟ್ಟಗಳಲ್ಲಿ ಮತ್ತೆ ಶೋಧಿಸಿ, ಶಾಸನಗಳ ಸಂಖ್ಯೆಯನ್ನು 500ಕ್ಕೆ ಏರಿಸಿ, 1923ರಲ್ಲಿ ಪರಿಷ್ಕೃತ ಸಂಪುಟವನ್ನು ಹೊರತಂದರು. ಚಂದ್ರಗುಪ್ತನ ವಿಷಯದಲ್ಲಿ ಅವರು ಉಭಯಪಕ್ಷಗಳನ್ನೂ ತೂಗಿ, ಸಂಪ್ರದಾಯಕ್ಕೆ ಸ್ವಲ್ಪ ಆಧಾರವುಂಟೆಂಬ ಕಡೆಗೆ ಒಲಿದರು. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯಿಂದ ಹೊರಬಂದ ಆವೃತ್ತಿಯಲ್ಲಿ ಶಾಸನಗಳು 573 ಆದುವು. ಚಂದ್ರಗುಪ್ತನ ವಿವಾದವು ಮಾತ್ರ ಮುಗಿದಿಲ್ಲ.